ಮಧ್ಯಾಹ್ನದ ಶ್ರುತಿಗೆ ಕೆರೆಸಿದ ಪೇಟಿ

ಸಂಗೀತವು ಮನುಷ್ಯರ ನಡುವಿನ ವೈರವನ್ನು ಕರಗಿಸುತ್ತದೆ ಎಂದು ಬಲ್ಲವರು ಬರೆದಿಟ್ಟಿದ್ದಾರೆ. ಬರೆದವರಿಗೆ ಹೆಂಡತಿಯ ತಮ್ಮಂದಿರು ಇರಲಿಲ್ಲವೆಂದು ಕಾಣುತ್ತದೆ. ಇದ್ದರೂ ಅವರ ಹತ್ತಿರ ಕೀಬೋರ್ಡು ಇರಲಿಲ್ಲ.

ಹೋದ ತಿಂಗಳು ಹುಕ್ಕೇರಿಗೆ ಹೋಗಿದ್ದೆ. ಸ್ವಂತ ಇಚ್ಛೆಯಿಂದಲ್ಲ, ಹೆಂಡತಿಯ ತವರಿನಲ್ಲಿ ಲಗ್ನವಿತ್ತು. ಬಸ್ಸಿಳಿದು ನಡೆಯುವಾಗ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯೊಂದರ ಮುಂದೆ ಕಾಲು ತಾನಾಗಿ ನಿಂತಿತು. ಸುಟ್ಟ ವಾರ್ನಿಷ್, ಕರಿಯಾದ ತಾಮ್ರದ ತಂತಿ, ಬಿಸಿ ಧೂಳು. ಈ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಕೆಟ್ಟುನಿಂತ ಪಂಪು ನೆನಪಾಗುತ್ತದೆ. ನನಗೆ ಶಿವನ ಪದಗಳು ನೆನಪಾಗುತ್ತವೆ.

ಅಂಗಡಿಯವನು ಕೂತಲ್ಲಿಂದಲೇ ಕೇಳಿದ: “ಏನ್ರಿ ಅಜ್ಜಾರ, ಮೋಟರ್ ಸುಟ್ಟೈತೇನ್ರಿ?”

“ಮೋಟರ್ ಅಲ್ರಿ, ಬ್ಯಾರೆ. ಸುಟ್ಟು ಭಾಳ ವರ್ಷ ಆತು.”

“ಎಷ್ಟ ಹಳೇದಿದ್ರೂ ತರ್ರಿ, ಕಟ್ಟಿ ಕೊಡ್ತೀನಿ.”

ಅವನ ಆತ್ಮವಿಶ್ವಾಸಕ್ಕೆ ಕೈಮುಗಿದು ಲಗ್ನದ ಮನೆಗೆ ಹೋದೆ. ಬಾಗಿಲಲ್ಲೇ ನನ್ನ ಹೆಂಡತಿಯ ತಮ್ಮ ಅಶೋಕ ನಿಂತಿದ್ದ. “ಬರ್ರಿ ಮಾಮಾ,” ಅಂದ. “ಬಂದೇನಿ,” ಅಂದೆ. ಆ ಬೇಸಿಗೆಯಿಂದೀಚೆಗೆ ನಮ್ಮಿಬ್ಬರ ನಡುವೆ ನಡೆದ ದೀರ್ಘ ಸಂಭಾಷಣೆಗಳಲ್ಲಿ ಇದೂ ಒಂದು.

ಆ ಬೇಸಿಗೆ ಎಂದರೆ ತೊಂಬತ್ತರ ದಶಕ ಮುಗಿಯಲು ಬಂದಾಗಿನದು. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಮಕ್ಕಳಿಂದ ಬರೆಸಿ ಬರೆಸಿ ದಣಿದಿದ್ದೆ. ರಜೆ ಬಿತ್ತು. ಯುದ್ಧ ಮನೆಗೇ ಬಂತು.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ನನ್ನದು ಅಪ್ಪ ಮಿರಜದಿಂದ ಹೊತ್ತುತಂದ ಪೇಟಿ. ಅದರ ಖರ್ಜದ, ಅಂದರೆ ಕೆಳಗಿನ ಸ್ವರಗಳ, ದನಿ ಹೊಟ್ಟೆ ತುಂಬಿದ ಎಮ್ಮೆ ಉಸಿರುಬಿಟ್ಟ ಹಾಗೆ. ಮೇಲಿನ ತಾರದಲ್ಲಿ ಮಾತ್ರ ಸ್ವಲ್ಪ ಮುನಿಸು. ಅಪ್ಪ ಸುತ್ತಲಿನ ಊರುಗಳ ಭಜನೆಗಳಲ್ಲೆಲ್ಲ ಅದನ್ನು ಬಾರಿಸಿದ. ನಮ್ಮಲ್ಲಿ ಭಜನೆ ಮುಗಿದ ಮೇಲೆ ಎಲೆಅಡಿಕೆಯ ತಾಟು ಮೊದಲು ಬರುವುದು ಪೇಟಿಯವನ ಮುಂದೆ, ಯಾಕೆಂದರೆ ಹಾಡುವವರಿಗೆ ಶ್ರುತಿ ಕೊಟ್ಟವನು ಅವನು. ಅಪ್ಪ ಆ ಎಲೆಯನ್ನು ಜೀವಮಾನವಿಡೀ ತಿಂದ. ಆದರೆ ಅವನು ಬಾರಿಸಿದ್ದರಲ್ಲಿ ಒಂದು ತುಣುಕೂ ಎಲ್ಲೂ ಉಳಿದಿಲ್ಲ. ಅವನ ನಂತರ ನಾನು ಬಾರಿಸುತ್ತಿದ್ದೆ, ನನ್ನದೂ ಉಳಿಯುತ್ತಿರಲಿಲ್ಲ. ಪೇಟಿಯ ದನಿಯಾದರೂ ಒಂದು ಕಡೆ ಉಳಿಯಲಿ ಎಂಬುದು ನನ್ನ ಆಸೆ. ಅದಕ್ಕೆ ದಾರಿಯಾಗಿ ಬಂದವರು ಮೂಡಲಗಿಯ ಕಾಶವ್ವ.

ಕಾಶವ್ವ ಎಮ್ಮೆ ಕಟ್ಟಿ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ಶಿವಭಜನೆಯಲ್ಲಿ ಅವರ ಪದಗಳೆಂದರೆ ನಾಲ್ಕು ಊರು ಸೇರುತ್ತಿತ್ತು. ಅವರ ಗಂಟಲು ಮೈಕನ್ನು ಒಂದು ಅವಮಾನವೆಂದೇ ತಿಳಿದಿತ್ತು. ಸಂಕೇಶ್ವರದಲ್ಲಿ ಕ್ಯಾಸೆಟ್ಟಿನ ಅಂಗಡಿಯಿಟ್ಟಿದ್ದ ಅಣ್ಣಾಸಾಹೇಬರು ಒಮ್ಮೆ ಅವರ ಹಾಡು ಕೇಳಿ, ಒಂದು ಕ್ಯಾಸೆಟ್ಟು ಹೊರಡಿಸುವುದಾಗಿ ಮಾತು ಕೊಟ್ಟರು. ಅಣ್ಣಾಸಾಹೇಬರ ಮನೆಮಾತು ಮರಾಠಿಯೋ ಕನ್ನಡವೋ ಎಂಬುದು ಅವರಿಗೂ ಗೊತ್ತಿರಲಿಲ್ಲ.

“ಬಗಾ ಮಾಸ್ತರ, ಬರೇ ಭಜನಿ ಈಗ ಯಾರ್ ತಗೋತಾರ್ರಿ? ಮ್ಯೂಜಿಕ್ ಪಾಯಿಜೆ, ಬೇಕ ಬೇಕು. ಹಿಂದ ಬಾಸ್ ಹೊಡೀಬೇಕು, ಪ್ಯಾಡ್ ಹೊಡೀಬೇಕು. ನೀವ ಮನ್ಯಾಗ ರೆಕಾರ್ಡಿಂಗ್ ಮಾಡಿ ತಯಾರ್ ಟೇಪ್ ತಂದ ಕೊಡ್ರಿ. ಶ್ರಾವಣಕ್ಕ ಅಂಗಡ್ಯಾಗ ಇರಬೇಕು. ಶ್ರಾವಣ ದಾಟ್ತಂದ್ರ ಗಣಪತಿ ಬರ್ತಾನ, ನಿಮ್ಮ ಶಿವಪ್ಪನ್ನ ಯಾರೂ ಕೇಳಂಗಿಲ್ಲ.”

ಹೀಗೆ ದೇವರುಗಳ ಸರದಿಯನ್ನು ವ್ಯಾಪಾರದ ದೃಷ್ಟಿಯಿಂದ ತಿಳಿದುಕೊಂಡು ನಾನೂ ಕಾಶವ್ವನೂ ಅವರ ಅಂಗಡಿಯಿಂದ ಹೊರಬಂದೆವು. ಕಾಶವ್ವ ಒಂದು ಷರತ್ತು ಹಾಕಿದರು: ಹಿಂದೆ ಏನು ಬೇಕಾದರೂ ಹೊಡೆಯಲಿ, ಪಕ್ಕದಲ್ಲಿ ಮಾಸ್ತರನ ಪೇಟಿ ಇರಬೇಕು. ಆ ದಿನ ನಾನು ಅವರ ಭಕ್ತನಾಗಿದ್ದೆ.

ಮ್ಯೂಜಿಕ್ ಮಾಡಬಲ್ಲವನು ನಮ್ಮ ಸಂಬಂಧಿಕರಲ್ಲಿ ಒಬ್ಬನೇ ಇದ್ದ. ಅದೇ ಅಶೋಕ. ಕೊಲ್ಹಾಪುರದ ಕಡೆಯ ಲಗ್ನಗಳಿಗೆ ಹೋಗುವ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ಬಾರಿಸುತ್ತಿದ್ದ. ಗುಂಡಿ ಒತ್ತಿದರೆ ತಾನಾಗಿ ತಾಳ ಹೊಡೆಯುವ, ಇನ್ನೊಂದು ಒತ್ತಿದರೆ ಐವತ್ತು ಪಿಟೀಲು ಒಟ್ಟಿಗೆ ಅಳುವ ಯಂತ್ರ ಅದು. ಕಾಶವ್ವನ ಪದಗಳನ್ನು ಒಂದು ದಿನ ಕೇಳಿಕೊಂಡು ಹೋದವನು ಹುಕ್ಕೇರಿಯ ತನ್ನ ಮನೆಯಲ್ಲಿ ರಾತ್ರಿ ಕೂತು ಎಲ್ಲ ಪದಗಳಿಗೂ ಹಿನ್ನೆಲೆಯನ್ನು ಒಂದು ಕ್ಯಾಸೆಟ್ಟಿಗೆ ತುಂಬಿಬಿಟ್ಟ. ಆಮೇಲೆ ಕೀಬೋರ್ಡು ಆರ್ಕೆಸ್ಟ್ರಾದ ಗಾಡಿ ಹತ್ತಿ ಲಗ್ನಗಳಿಗೆ ಹೋಯಿತು. ನಮ್ಮ ಮನೆಗೆ ಬಂದದ್ದು ಆ ಕ್ಯಾಸೆಟ್ಟು, ಅದನ್ನು ನುಡಿಸಲು ಒಂದು ಡೆಕ್ಕು, ತುಂಬಿಕೊಳ್ಳಲು ಇನ್ನೊಂದು ಡೆಕ್ಕು, ನಡುವೆ ಸಣ್ಣದೊಂದು ಮಿಕ್ಸರು, ಎರಡು ಮೈಕು ಮತ್ತು ಅಶೋಕ.

ಏರ್ಪಾಡು ಸರಳವಾಗಿತ್ತು. ಮೊದಲನೆಯ ಡೆಕ್ಕಿನಿಂದ ಹಿನ್ನೆಲೆ ಹೊರಡುತ್ತದೆ. ಅದಕ್ಕೆ ಸರಿಯಾಗಿ ಕಾಶವ್ವ ಹಾಡುತ್ತಾರೆ, ನಾನು ಬಾರಿಸುತ್ತೇನೆ. ಮೂರೂ ಸೇರಿ ಎರಡನೆಯ ಡೆಕ್ಕಿನಲ್ಲಿ ಇಳಿಯುತ್ತವೆ. ತಬಲಾದ ಈರಪ್ಪನೂ ಮೊದಲ ದಿನ ಬಂದಿದ್ದ. ತಾಳವೂ ಟೇಪಿನಲ್ಲೇ ಇದೆ ಎಂದು ಅಶೋಕ ಹೇಳಿದ ಕೂಡಲೇ ಆತ ಬಿಚ್ಚಿದ್ದ ಗವಸನ್ನು ಮತ್ತೆ ಕಟ್ಟಿದ.

“ನನಗ ಎರಡ ಕೈ ಅದಾವು. ಆ ಡಬ್ಬಿಗೆ ಕೈನ ಇಲ್ಲ. ಕೈ ಇಲ್ಲದವರ ಜೋಡಿ ನಾ ಕೂಡಂಗಿಲ್ರಿ ಮಾಸ್ತರ,” ಅಂದು ಚಹಾ ಕುಡಿದು, ಇನ್ನೊಂದು ಚಹಾ ಕುಡಿದು ಹೊರಟುಹೋದ. ಆ ಬೇಸಿಗೆಯಲ್ಲಿ ಗೌರವ ಉಳಿಸಿಕೊಂಡವನು ಅವನೊಬ್ಬನೇ.

ಕಾಶವ್ವ ಮುಂಜಾನೆ ಹಾಲು ಹಿಂಡಿ ಬಸ್ಸು ಹತ್ತಬೇಕು, ಸಂಜೆಯ ಹಾಲಿಗೆ ಮೂಡಲಗಿಯಲ್ಲಿರಬೇಕು. ಹಾಗಾಗಿ ನಮ್ಮ ಪಾಲಿಗೆ ಉಳಿದದ್ದು ಮಧ್ಯಾಹ್ನ. ಮೇ ತಿಂಗಳ ಗೋಕಾಕದ ಮಧ್ಯಾಹ್ನ. ಕಲ್ಲುಗುಡ್ಡಗಳು ಮುಂಜಾನೆಯಿಂದ ತಿಂದ ಬಿಸಿಲನ್ನು ಊರಿನ ಮೇಲೆ ಕಾರಿಕೊಳ್ಳುವ ಹೊತ್ತು. ಹೊರಗಿನ ಸದ್ದು ಬರಬಾರದೆಂದು ಅಶೋಕ ನಡುಮನೆಯ ಕಿಟಕಿಗಳನ್ನು ಮುಚ್ಚಿಸಿದ. ಗೋಡೆ ದನಿಯನ್ನು ತಿರುಗಿ ಎಸೆಯಬಾರದೆಂದು ಮನೆಯಲ್ಲಿದ್ದ ಹೊದೆಯುವ ಕೌದಿಗಳನ್ನೆಲ್ಲ ಮೊಳೆ ಹೊಡೆದು ತೂಗುಹಾಕಿದ. ಗರಗರ ಅನ್ನುತ್ತದೆಂದು ಫ್ಯಾನು ನಿಲ್ಲಿಸಿದ. ನನ್ನ ಹೆಂಡತಿ ಶೈಲಾ ಬಾಗಿಲಲ್ಲಿ ನಿಂತು ಈ ವೈಭವವನ್ನು ನೋಡಿದಳು.

“ಮೇ ತಿಂಗಳದಾಗ ಗ್ವಾಡಿಗೆ ಥಂಡಿ ಹತ್ತೈತೇನ?”

“ಅಕ್ಕಾ, ಇದು ಸ್ಟುಡಿಯೋ,” ಅಂದ ಅಶೋಕ ಬೆವರಿಗೆ ತೊಯ್ದ ಬನಿಯನ್ ಹಿಂಡಿಕೊಳ್ಳುತ್ತ.

“ಸ್ಟುಡಿಯೋನೋ ಸುಡುಗಾಡೋ. ಮೊಳಿ ಹೊಡದಲ್ಲಿ ಸುಣ್ಣಾ ಹಚ್ಚಿ ಹೋಗಾವ ನೀನ.”

ಮೊದಲನೆಯ ಪದ ಶುರುವಾಯಿತು. ಟೇಪಿನಿಂದ ತಾಳ ಹೊರಟಿತು. ಪಿಟೀಲುಗಳು ಅತ್ತವು. ಕಾಶವ್ವ ಕಣ್ಣುಮುಚ್ಚಿ ದನಿಯೆತ್ತಿದರು. ನಾನು ಪೇಟಿಯ ಮೇಲೆ ಬೆರಳಿಟ್ಟೆ. ಆ ಕ್ಷಣ ಹುಟ್ಟಿದ ಸದ್ದನ್ನು ಏನೆಂದು ಹೇಳಲಿ? ಎರಡು ಸಂತೆಗಳು ಒಂದೇ ಬಯಲಲ್ಲಿ ಕೂಡಿದ ಹಾಗಿತ್ತು. ಟೇಪಿನ ಶ್ರುತಿ ಒಂದು, ಪೇಟಿಯದು ಇನ್ನೊಂದು. ಪೇಟಿ ಮೇಲೆ, ಟೇಪು ಕೆಳಗೆ. ಪೂರ್ತಿ ಒಂದು ಮನೆ, ಅಂದರೆ ಪೇಟಿಯ ಒಂದು ಪಟ್ಟಿ, ಕೆಳಗೂ ಅಲ್ಲ. ಆಗಿದ್ದರೆ ನಾನೇ ಒಂದು ಮನೆ ಇಳಿದು ಬಾರಿಸುತ್ತಿದ್ದೆ. ನೆರೆಯವರಿಬ್ಬರು ಗೋಡೆಗಾಗಿ ಕಾದಾಡುವಷ್ಟು ಸಣ್ಣ ಅಂತರ.

ಅಶೋಕ ಕಿವಿಯ ಹೆಡ್‌ಫೋನು ತೆಗೆದ. “ಮಾಮಾ, ಪೇಟಿ ಬೇಸೂರ ಐತಿ.”

“ಪೇಟಿ? ಇದು ನಿಮ್ಮಪ್ಪನ ಲಗ್ನದಾಗ ಬಾರಿಸಿದ ಪೇಟಿ. ನಿನ್ನ ಡಬ್ಬಿ ಬೇಸೂರ ಐತಿ.”

“ಕೀಬೋರ್ಡ್ ಬೇಸೂರ ಆಗಾಕ ಬರಂಗಿಲ್ರಿ. ಅದು ಫ್ಯಾಕ್ಟರ್‍ಯಾಗ ಸೂರ ಹಚ್ಚಿಕೊಂಡ ಬರತೈತಿ. ಜಪಾನದಾಗ.”

“ಹಂಗಾರ ಜಪಾನದವ್ರನ್ನ ಕರಕೊಂಡ ಬಾ, ಅವರ ಮುಂದ ಬಾರಸ್ತೀನಿ.”

“ಯಾಕ ನಿಂದರಿಸಿದ್ರಿ? ನನಗ ಛಲೋ ಕೇಳಾಕತ್ತಿತ್ತು,” ಅಂದರು ಕಾಶವ್ವ. ಅವರು ಹಾಡುವಾಗ ಹತ್ತಿರದ ಶ್ರುತಿ ಯಾವುದೋ ಅದನ್ನು ಹಿಡಿಯುತ್ತಿದ್ದರು. ಹಿಡಿಯಲು ಎರಡು ಇದ್ದರೆ ಒಂದನ್ನು ಬಿಟ್ಟು ಒಂದನ್ನು ಹಿಡಿಯುತ್ತಿದ್ದರು, ಎಡಕ್ಕೂ ಬಲಕ್ಕೂ ನ್ಯಾಯ ಮಾಡುವ ಪಂಚರ ಹಾಗೆ.

ಅವರು ಬಸ್ಸಿಗೆ ಹೋದ ಮೇಲೆ ನಾವು ಚರ್ಚೆ ಮುಂದುವರಿಸಿದೆವು. ಹೊತ್ತು ಮುಳುಗುವಾಗ, ಬೈದು ಬೈದು ಮಾತು ಮುಗಿದಿದ್ದರಿಂದ, ಅಶೋಕ ಸುಮ್ಮನೆ ಟೇಪು ಹಚ್ಚಿದ. ನಾನು ಸುಮ್ಮನೆ ಪೇಟಿಯ ತಿದಿ ಒತ್ತಿದೆ. ಎರಡೂ ಕೂಡಿಕೊಂಡವು! ಹಾಲಿಗೆ ಸಕ್ಕರೆ ಬೆರೆತಂತೆ ಬೆರೆತವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಶೋಕನ ಮುಖದಲ್ಲಿ ಜ್ಞಾನೋದಯವಾಯಿತು. ಅದು ಅವನಿಗೆ ಹೊಂದುತ್ತಿರಲಿಲ್ಲ.

“ಬಿಸಲು ಮಾಮಾ, ಬಿಸಲು! ನಿಮ್ಮ ಪೇಟಿ ಒಳಗಿಂದು ಹಿತ್ತಾಳಿ. ಹಗಲಿ ಕಾಯತೈತಿ, ಸೂರ ಏರತೈತಿ. ಈಗ ತಂಪಾತು, ಇಳೀತು. ಖರೆ ಅಂತೀರೋ ಸುಳ್ಳ ಅಂತೀರೋ?”

ಸುಳ್ಳು ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಇತಿಹಾಸದವನು. ಮರುದಿನ ಪರೀಕ್ಷೆ ಮಾಡಿದೆವು: ಮಧ್ಯಾಹ್ನ ಕೂಡಲಿಲ್ಲ, ಸಂಜೆ ಕೂಡಿತು. ಅದರ ಮರುದಿನವೂ ಹಾಗೆಯೇ. ಇದಕ್ಕಿಂತ ಗಟ್ಟಿಯಾದ ಪುರಾವೆಯಿಲ್ಲದೆ ಎಷ್ಟೋ ರಾಜರಿಗೆ ವಂಶಾವಳಿ ಸಿಕ್ಕಿದೆ. ಅಪ್ಪನ ಪೇಟಿ ಬಿಸಿಲು ತಾಳದ ಪೇಟಿ ಎಂದು ನನ್ನ ಮನೆಯಲ್ಲೇ, ನನ್ನ ಎದುರೇ ಸಾಬೀತಾಯಿತು.

ಪೇಟಿಯನ್ನು ತಂಪು ಮಾಡುವ ಪ್ರಯತ್ನಗಳು ನಡೆದವು. ನೀರಿನ ಹರವಿಯ ಬಾಜೂ ಇಟ್ಟೆವು. ಒದ್ದೆ ಪಂಚೆ ಹೊದಿಸಿದೆವು. ಶೈಲಾ ಒಮ್ಮೆ ಬಂದು ಪೇಟಿಯ ಮೇಲೆ ಕೈಯಿಟ್ಟು ನೋಡಿ, “ಜ್ವರ ಇಳದಿಲ್ಲ, ಗಂಜಿ ಮಾಡ್ಲೇನು?” ಅಂದಳು. ಸಂಜೆಯೇ ರೆಕಾರ್ಡು ಮಾಡೋಣವೆಂದರೆ ಕಾಶವ್ವನ ಎಮ್ಮೆಗಳು ಒಪ್ಪುತ್ತಿರಲಿಲ್ಲ, ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಹೋಗುತ್ತಿತ್ತು. ಹಿನ್ನೆಲೆಯನ್ನೇ ಬೇರೆ ಶ್ರುತಿಗೆ ಮತ್ತೆ ತುಂಬು ಎಂದರೆ, ಕೀಬೋರ್ಡು ಬರುವುದು ಲಗ್ನದ ತಿಥಿಗಳು ಮುಗಿದ ಮೇಲೆ ಎಂದ ಅಶೋಕ. ಹೀಗೆ ದಿನ ಕಳೆದಂತೆ ನಾವು ಒಬ್ಬರನ್ನೊಬ್ಬರು ಬೈಯುವ ರೀತಿಯಲ್ಲಿ ಪ್ರಗತಿಯಾಯಿತೇ ಹೊರತು ಕ್ಯಾಸೆಟ್ಟಿನಲ್ಲಿ ಆಗಲಿಲ್ಲ. ಅವನು ಪೇಟಿಗೆ ‘ಮುತ್ತಜ್ಜಿ’ ಅನ್ನತೊಡಗಿದ. ನಾನು ಅವನ ಟೇಪಿನ ತಾಳಕ್ಕೆ ‘ತಗಡಿನ ಡಬ್ಬಿಯಲ್ಲಿ ಗುಲಗಂಜಿ’ ಅನ್ನುತ್ತಿದ್ದೆ. ಊಟಕ್ಕೆ ಕೂತಾಗ ಇಬ್ಬರೂ ಬೇರೆ ಬೇರೆ ಗೋಡೆಗೆ ಮುಖಮಾಡುತ್ತಿದ್ದೆವು. ಎರಡೂ ಗೋಡೆಗಳ ಮೇಲೆ ಕೌದಿ ಇತ್ತು.

ಕೊನೆಗೆ ವ್ಯಾಜ್ಯ ಕಾಶವ್ವನ ಮುಂದೆ ಹೋಯಿತು. ಮೂಡಲಗಿಯಲ್ಲಿ ಅವರ ಎಮ್ಮೆಗಳು ಮೇವು ತಿನ್ನುವ ಗೋದಲಿಯ ಮುಂದೆ ಕೂತು ಇಬ್ಬರೂ ವಾದ ಮಂಡಿಸಿದೆವು. ಅವರು ಹಿಂಡಿ ಕಲಸುತ್ತ ಕೇಳಿದರು.

“ಅಕ್ಕಾರ, ಶ್ರುತಿ ಕೊಡಾಂವ ಯಾರು? ಎಲಿಅಡಿಕಿ ಮೊದಲ ಯಾರ ಮುಂದ ಬರತೈತಿ?” ಅಂದೆ. ಇದು ನನ್ನ ಬ್ರಹ್ಮಾಸ್ತ್ರವಾಗಿತ್ತು.

“ಪೇಟಿಯವರ ಮುಂದ.”

“ಅಂದ ಮ್ಯಾಲ ಟೇಪು ಪೇಟಿಗೆ ಹೊಂದಬೇಕು. ಪೇಟಿ ಟೇಪಿಗೆ ಯಾಕ ಹೊಂದಬೇಕು?”

“ಟೇಪ್ ಕೆರಿಯಾಕ ಬರತೈತೇನ್ ಅಶೋಕಾ?”

“ಬರಂಗಿಲ್ರಿ ಅಕ್ಕಾರ.”

“ಪೇಟಿ?”

“ಬರತೈತ್ರಿ. ರೀಡ್ ಕೆರಿತಾರು. ಸಂಕೇಶ್ವರದಾಗ ಮಿಸ್ತ್ರಿ ಅದಾನು.”

ಕಾಶವ್ವ ಕೈ ತೊಳೆದುಕೊಂಡರು. “ಹಂಗಾರ ಕೆರಸ್ರಿ. ನಿಮ್ಮ ಜಗಳದಾಗ ಮಿರಗದ ಮಳಿ ಕೂಡಾಕ ಬಂತು. ನನ್ನ ದನಿ ಹಿಂಗ ಇರೂದು ಇನ್ನ ಎಷ್ಟ ವರ್ಷ? ನನಗ ನನ್ನ ಕ್ಯಾಸೆಟ್ ಬೇಕು. ಎಲಿಅಡಿಕಿ ಬೇಕಾದ್ರ ಈಗ ಕೊಡ್ತೀನಿ, ತಿನ್ರಿ.”

ತಿಂದೆ. ಅಷ್ಟು ಕಹಿಯಾದ ಎಲೆ ಮೂಡಲಗಿಯಲ್ಲಿ ಬೆಳೆಯುತ್ತದೆಂದು ಗೊತ್ತಿರಲಿಲ್ಲ.

ಪೇಟಿಯ ಒಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಿಗೆ ಇರುತ್ತದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನಮಗೆ ಇಳಿಸಬೇಕಿತ್ತು. ಸಂಕೇಶ್ವರದ ಬಾಬು ಮಿಸ್ತ್ರಿ ಸಾಮಾನಿನ ಚೀಲದೊಂದಿಗೆ ಬಂದು ನಡುಮನೆಯಲ್ಲಿ ಗೋಣಿತಟ್ಟು ಹಾಸಿಕೊಂಡ. ಮಧ್ಯಾಹ್ನದ ಕಾವಿನಲ್ಲೇ ಕೆರೆಯಬೇಕು, ಟೇಪು ಹಚ್ಚಿಕೊಂಡೇ ಕೆರೆಯಬೇಕು ಎಂದು ಅಶೋಕ ಕಟ್ಟುನಿಟ್ಟು ಮಾಡಿದ. ವಿಜ್ಞಾನದಲ್ಲಿ ಅವನು ಅಷ್ಟು ಮುಂದುವರಿದಿದ್ದ.

“ಬಿಸಲಾಗ ಯಾಕ್ರಿ?” ಎಂದು ಕೇಳಿದ ಬಾಬು.

“ಬಿಸಲಾಗ ರೆಕಾರ್ಡಿಂಗ್ ಐತಿ ಅದಕ.”

“ನೀವ್ ಕೆರಿ ಅಂದ್ರ ಕೆರಿತೀನಿ. ಕೆರದಿದ್ದನ್ನ ತಿರಗಿ ಹಚ್ಚಾಕ ಬರಂಗಿಲ್ಲ. ಆಮ್ಯಾಲ ಅತ್ರ ನಾ ಕೇಳಾಂವ ಅಲ್ಲ.”

ಅವನು ಕೆರೆದ. ಕೆರೆಯುವ ಸದ್ದು ಹಲ್ಲಿನಲ್ಲಿ ಕೇಳುವಂಥದ್ದು. ಗೋಣಿತಟ್ಟಿನ ಮೇಲೆ ಹಿತ್ತಾಳೆಯ ಸಣ್ಣ ಪುಡಿ ಬಿತ್ತು. ಒಂದೊಂದು ಸ್ವರ ಇಳಿದು ಟೇಪಿಗೆ ಕೂಡಿದಾಗಲೂ ಅಶೋಕ “ಆತು, ಆತು, ಮುಂದಿಂದು” ಅನ್ನುತ್ತಿದ್ದ, ಕುರಿ ಎಣಿಸುವವನಂತೆ. ಎಲ್ಲ ಮುಗಿದ ಮೇಲೆ ಬಾರಿಸಿ ನೋಡಿದೆ. ಟೇಪಿಗೆ ಕೂದಲಷ್ಟೂ ಅಂತರವಿರಲಿಲ್ಲ. ಆದರೆ ಖರ್ಜದ ಆ ಹೊಟ್ಟೆ ತುಂಬಿದ ಉಸಿರು ಹೋಗಿತ್ತು. ಉಪವಾಸವಿದ್ದವರ ದನಿ. ಇರಲಿ, ಕ್ಯಾಸೆಟ್ಟಿನಲ್ಲಾದರೂ ಇರುತ್ತದಲ್ಲ ಎಂದುಕೊಂಡೆ.

ರೆಕಾರ್ಡಿಂಗಿನ ದಿನ ಬಂತು. ಮಿರಗ ಕೂಡಿ ಆಗಿತ್ತು, ಮಳೆಯ ಸುಳಿವಿರಲಿಲ್ಲ. ಕಾಶವ್ವ ಹೊಸ ಇಳಕಲ್ ಸೀರೆ ಉಟ್ಟುಬಂದಿದ್ದರು, ಕ್ಯಾಸೆಟ್ಟಿನಲ್ಲಿ ಅದೂ ಕಾಣುತ್ತದೆ ಎಂಬಂತೆ. ನಡುಮನೆಯಲ್ಲಿ ಬಲ್ಬು ಕುಂಬಳಕಾಯಿಯ ಬಣ್ಣದಲ್ಲಿ ಮಿಣಮಿಣ ಉರಿಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನಮ್ಮ ಬಲ್ಬುಗಳು ಹಾಗೆಯೇ ಉರಿಯುವುದು. ಹೊಲಗಳಿಗೆ ತ್ರೀಫೇಜ್ ಕರೆಂಟು ಕೊಡುವ ಹೊತ್ತು ಅದು. ಮೇಲವಂಕಿಯವರೆಗೂ ಕಬ್ಬಿನ ಪಂಪುಗಳೆಲ್ಲ ಒಟ್ಟಿಗೆ ನೀರು ಎಳೆಯುತ್ತಿದ್ದರೆ ಮನೆಗಳಿಗೆ ಉಳಿಯುವುದು ಕರೆಂಟಿನ ಹಿಂಡಿ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ ಅದರ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ.

ಟೇಪು ಹೊರಟಿತು. ಪೇಟಿ ಕೂಡಿತು. ಕಾಶವ್ವ ಎತ್ತಿಕೊಂಡರು. ಇಡೀ ಬೇಸಿಗೆಯಲ್ಲಿ ಮೊದಲ ಸಲ ಮೂರೂ ಒಂದೇ ದಾರಿಯಲ್ಲಿ ನಡೆದವು. ಅಶೋಕ ತಲೆಯಾಡಿಸಿದ. ನಾನೂ, ಬಹಿರಂಗವಾಗಿ ಅಲ್ಲದಿದ್ದರೂ, ಆಡಿಸಿದೆ. ಎರಡನೆಯ ನುಡಿಗೆ ಬಂದೆವು. ಆಗ ದೂರದಲ್ಲಿ, ಮೇಲವಂಕಿಯ ದಿಕ್ಕಿನಲ್ಲಿ, ಗುಡುಗಿತು. ನಮ್ಮ ಕಡೆ ಹನಿಯೂ ಬೀಳಲಿಲ್ಲ. ಅಲ್ಲಿ ಬಿದ್ದಿರಬೇಕು, ಮಳೆ ಹಿಡಿದ ಮೇಲೆ ಯಾವ ರೈತನೂ ಪಂಪು ನಡೆಸುವುದಿಲ್ಲ.

ಮೊದಲು ಬಲ್ಬು ಬೆಳ್ಳಗಾಯಿತು. ಆಮೇಲೆ ಪಿಟೀಲುಗಳು ಎದ್ದವು. ಅವು ಏರಿದ್ದು ಮೆಲ್ಲಗೆ, ಎತ್ತುಗಳು ಇಳಿಜಾರಿನಲ್ಲಿ ನಡಿಗೆ ಬಿಟ್ಟು ಓಟಕ್ಕೆ ತೊಡಗಿದ ಹಾಗೆ. ತಾಳ ಚುರುಕಾಯಿತು, ಶ್ರುತಿ ಏರಿತು. ಕಾಶವ್ವ ಕಣ್ಣುಮುಚ್ಚಿಕೊಂಡೇ ಅದರ ಜೊತೆ ಏರಿದರು. ನನ್ನ ಪೇಟಿ ಮಾತ್ರ, ಹೊಸದಾಗಿ ಕೆರೆಸಿಕೊಂಡ ಪೇಟಿ, ಬಸ್ಸು ತಪ್ಪಿಸಿಕೊಂಡವನಂತೆ ಕೆಳಗೆ ನಿಂತಿತ್ತು. ನಾನು ಕೈ ತೆಗೆದೆ. ಅಶೋಕ ಬಲ್ಬನ್ನು ನೋಡುತ್ತಿದ್ದ. ಬಾಗಿಲಲ್ಲಿದ್ದ ಶೈಲಾ ಬಲ್ಬನ್ನೂ ಡೆಕ್ಕನ್ನೂ ತಮ್ಮನನ್ನೂ ನನ್ನನ್ನೂ ಕ್ರಮವಾಗಿ ನೋಡಿ ಒಳಗೆ ಹೋದಳು. ಅವಳ ನಗು ಅಡಿಗೆಮನೆಯಿಂದ ಕೇಳಿಸಿತು.

ಕಾಶವ್ವ ಪದ ಮುಗಿಸಿ ಕಣ್ಣು ತೆರೆದರು. “ಈಗ ಛಲೋ ಬಂತಲ್ಲ?”

ಪೇಟಿ ಯಾವ ಬಿಸಿಲಿಗೂ ಏರಿರಲಿಲ್ಲ. ಕರೆಂಟು ಕುಂದಿದಾಗ ಟೇಪು ನಿಧಾನವಾಗಿ ತಿರುಗಿ ತಾನೇ ಇಳಿಯುತ್ತಿತ್ತು. ಇಳಿದ ಟೇಪಿಗೆ ಸರಿಯಾಗಿ ನಾವು ಅಪ್ಪನ ಪೇಟಿಯನ್ನು ಕೆರೆಸಿದ್ದೆವು.

“ಹೇಳು,” ಅಂದೆ ಅಶೋಕನಿಗೆ.

“ಏನ್ ಹೇಳ್ಲಿ? ಕರೆಂಟ್ ನಾ ಬಿಡತೇನೇನ್ರಿ?”

“ಹಿತ್ತಾಳಿ ಕಾಯತೈತಿ ಅಂದಾಂವ ಯಾರು?”

“ನೀವ್ ಮಾಸ್ತರ, ನಿಮಗರ ತಿಳೀಬೇಕಿತ್ತಲ್ಲ. ನಾ ಎಸ್ಸೆಸ್ಸೆಲ್ಸಿ ಫೇಲ್.”

ಇದಕ್ಕೆ ಉತ್ತರವಿರಲಿಲ್ಲ, ಅದಕ್ಕೇ ನಾನು ಬಹಳ ಹೊತ್ತು ಉತ್ತರ ಕೊಟ್ಟೆ. ಅವನ ಆರ್ಕೆಸ್ಟ್ರಾ, ಅವನ ಉದ್ದಗೂದಲು, ಅವನ ಲಗ್ನಕ್ಕೆ ನಾನು ಓಡಾಡಿದ್ದು, ಎಲ್ಲವೂ ಅದರಲ್ಲಿ ಬಂದವು. ಅವನೂ ಕಡಿಮೆ ಮಾಡಲಿಲ್ಲ. ಅಕ್ಕನನ್ನು ಕೊಟ್ಟ ದಿನವೇ ಮನೆಯವರು ಎಡವಿದರೆಂದ. ಈ ಒಂದು ಮಾತನ್ನು ಒಳಗಿನಿಂದ ಶೈಲಾ ಅಲ್ಲಗಳೆಯಲಿಲ್ಲ.

ಮಳೆ ಹಿಡಿಯಿತು. ಪಂಪುಗಳು ನಿಂತವು. ಇಡೀ ದಿನ ಬಲ್ಬು ಬೆಳ್ಳಗೆ ಉರಿಯಿತು. ಅಂದರೆ ನನ್ನ ಪೇಟಿ ಯಾವ ಶ್ರುತಿಗೆ ಕೆರೆಸಿಕೊಂಡಿತ್ತೋ ಆ ಶ್ರುತಿ ಇನ್ನು ಮುಂದಿನ ಬೇಸಿಗೆಗೇ ಬರುವುದು. ಸಂಗೀತಶಾಸ್ತ್ರದಲ್ಲಿ ಹೊತ್ತಿಗೊಂದು ರಾಗ ಹೇಳಿದ್ದಾರೆ. ಋತುವನ್ನೂ ವೇಳೆಯನ್ನೂ ಕಬ್ಬಿನ ಹೊಲದ ನೀರನ್ನೂ ನೋಡಿಕೊಂಡು ಬಾರಿಸಬೇಕಾದ ವಾದ್ಯ ನನ್ನದೊಂದೇ ಇರಬೇಕು. ಬಾಬು ಮಿಸ್ತ್ರಿಯನ್ನು ಕೇಳಿದರೆ, “ಮ್ಯಾಲ ಏರಿಸಬೇಕಂದ್ರ ತುದಿ ಕೆರೀಬೇಕು. ಬುಡ ತೆಳ್ಳಗಾಗೈತಿ, ಈಗ ತುದೀನೂ ಕೆರದ್ರ ಮುರೀತಾವು. ಎಲ್ಲಾ ಹೊಸಾವು ಹಾಕಸ್ರಿ,” ಅಂದ. ಎಲ್ಲ ಹೊಸವು ಹಾಕಿಸಿದರೆ ಅಪ್ಪನದೆಂದು ಉಳಿಯುವುದು ಪೆಟ್ಟಿಗೆಯ ಕಟ್ಟಿಗೆ ಮಾತ್ರ.

ಅಶೋಕ ಇನ್ನು ಹೀಗಾಗಬಾರದೆಂದು ಎಲ್ಲಿಂದಲೋ ಒಂದು ಸ್ಟೆಬಿಲೈಜರು ಹೊತ್ತುತಂದ. ಟೇಪು ಈಗ ಒಂದೇ ವೇಗದಲ್ಲಿ, ಒಂದೇ ಶ್ರುತಿಯಲ್ಲಿ ಅಚಲವಾಗಿ ತಿರುಗುತ್ತಿತ್ತು, ಪೇಟಿಗೆ ನಿಲುಕದಷ್ಟು ಮೇಲೆ. ನಾನು ಒಂದು ರಾತ್ರಿ ಯೋಚಿಸಿದೆ. ಹೊಲದ ಪಂಪುಗಳು ಕರೆಂಟು ಎಳೆದರೆ ಟೇಪು ಇಳಿಯುತ್ತದೆ. ಪಂಪು ಇಲ್ಲದಿದ್ದರೇನು, ಎಳೆಯುವ ಸಾಮಾನು ಬೇರೆ ಇಲ್ಲವೇ?

ಮರುದಿನ ಕಾಶವ್ವ ಬಂದು ಕೂತಿದ್ದರು. ಅಶೋಕ ಹೊಸ ಕ್ಯಾಸೆಟ್ಟು ತರಲು ಪೇಟೆಗೆ ಹೋಗಿದ್ದ. ನಾನು ಟೇಪು ಹಚ್ಚಿ, ಡೆಕ್ಕುಗಳಿದ್ದ ಸ್ಟೆಬಿಲೈಜರಿಗೇ ಮೊದಲು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದೆ. ಪಿಟೀಲುಗಳು ಸ್ವಲ್ಪ ತಲೆಬಾಗಿದವು. ನೀರು ಕಾಯಿಸುವ ರಾಡು ಬಕೀಟಿನಲ್ಲಿ ಇಳಿಬಿಟ್ಟೆ. ಇನ್ನಷ್ಟು ಬಾಗಿದವು. ಪಕ್ಕದ ಮನೆಯಿಂದ ಇನ್ನೊಂದು ಇಸ್ತ್ರಿಪೆಟ್ಟಿಗೆ ಇಸಿದುಕೊಂಡು ಬಂದೆ.

“ಇದೇನ್ ಮಾಡಾಕತ್ತೀರಿ?” ಶೈಲಾ ಕೇಳಿದಳು.

“ಶ್ರುತಿ ಹಚ್ಚಾಕತ್ತೇನಿ.”

ಎರಡನೆಯ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದ್ದೇ ಟೇಪು ಇಳಿದು ಇಳಿದು ನನ್ನ ಪೇಟಿಯ ಷಡ್ಜದ ಮೇಲೆ ಬಂದು ಕೂತಿತು. ಎರಡನೆಯ ಡೆಕ್ಕಿನ ಗುಂಡಿ ಒತ್ತಿ, “ಹಾಡ್ರಿ ಅಕ್ಕಾರ!” ಅಂದೆ. ಕಾಶವ್ವ ಹಾಡಿದರು. ನಾನು ಬಾರಿಸಿದೆ. ಜಪಾನಿನ ಪಿಟೀಲುಗಳು ಅಪ್ಪನ ಪೇಟಿಗೆ ಹೊಂದಿಕೊಂಡು ನಡೆದವು. ಒಂದು ಪಲ್ಲವಿ, ಒಂದು ನುಡಿ. ಎಷ್ಟು ಚೆನ್ನಾಗಿತ್ತೆಂದು ಬರೆಯಲು ಈಗಲೂ ಕೈ ಬರುವುದಿಲ್ಲ. ಆಗ ಸ್ಟೆಬಿಲೈಜರಿನಿಂದ ಸುಟ್ಟ ವಾರ್ನಿಷ್ಷಿನ ಆ ವಾಸನೆ ಎದ್ದಿತು. ಆಮೇಲೆ ಹೊಗೆ. ತುಂಬಿಕೊಳ್ಳುತ್ತಿದ್ದ ಡೆಕ್ಕು ಕಟಕಟ ಹಲ್ಲು ಕಡಿದು ಟೇಪನ್ನು ನುಂಗಿತು. ಮೊದಲನೆಯದು ಒಂದು ದೀರ್ಘ ನರಳಾಟದೊಂದಿಗೆ ನಿಂತಿತು. ಕಾಶವ್ವ ಇನ್ನೂ ಹಾಡುತ್ತಿದ್ದರು.

ಅಶೋಕ ಬಾಗಿಲಿಗೆ ಬಂದದ್ದು ಆಗಲೇ. ಡೆಕ್ಕಿನಿಂದ ಟೇಪನ್ನು ಶಾವಿಗೆಯಂತೆ ಎಳೆದೆಳೆದು ನೆಲಕ್ಕೆ ಹಾಕಿದ.

“ನನ್ನ ಡೆಕ್ ಸುಟ್ರಿ ಮಾಮಾ.”

“ನೀ ನನ್ನ ಪೇಟಿ ಕೆರಸಿದಿ.”

“ಆ ಪೇಟಿಗೇನ್ ಕಿಮ್ಮತ್ತೈತಿ? ಕೀಬೋರ್ಡಿನ್ಯಾಗ ಗುಂಡಿ ಒತ್ತಿದ್ರ ಅಂಥಾವು ಹತ್ತ ಬರ್ತಾವು.”

ನಾನು ಏನು ಎತ್ತಿಕೊಂಡೆ ಎಂಬುದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಇಸ್ತ್ರಿಪೆಟ್ಟಿಗೆ ಎಂದು ಅಶೋಕ ಹೇಳುತ್ತಾನೆ. ಯಾವುದೇ ಇರಲಿ, ಎಸೆಯಲಿಲ್ಲ. ಶೈಲಾ ನಡುವೆ ನಿಂತಿದ್ದಳು.

ಕಾಶವ್ವ ಎದ್ದು ಸೆರಗಿನಿಂದ ಹೊಗೆ ಬೀಸಿಕೊಂಡರು. “ನೀವಿಬ್ರೂ ಸುಟ್ಟಕೊಳ್ರಿ. ನಾ ಶಿವನ ಪದ ಹಾಡಾಕ ಬಂದೇನಿ, ನಿಮ್ಮ ಹೋಮಕ್ಕ ಅಲ್ಲ. ಅಶೋಕಾ, ನಿನ್ನ ಡಬ್ಬಿ ಯಾವಾಗ ತಿರಗಿ ಬರತೈತಿ?”

“ಈ ವಾರ ಬರತೈತ್ರಿ. ತಿಥಿ ಮುಗದಾವು.”

“ಹಂಗಾರ ಹುಕ್ಕೇರಿಗೆ ನಾನ ಬರ್ತೀನಿ. ಎಮ್ಮಿ ಸೊಸಿ ನೋಡಿಕೊಳ್ಳಲಿ.” ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ, ಸಿಟ್ಟಾಗಬ್ಯಾಡ್ರಿ,” ಅಂದರು. ನಾನು ಆಗಲೇ ಆಗಿಬಿಟ್ಟಿದ್ದೆ.

ಅವರು ಹುಕ್ಕೇರಿಗೆ ಹೋದರು. ಅಲ್ಲಿ ಏನು ನಡೆಯಿತೋ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೌದಿಗಳನ್ನು ಇಳಿಸಿ ಮೊಳೆಯ ತೂತುಗಳಿಗೆ ನಾನೇ ಸುಣ್ಣ ಹಚ್ಚಿದೆ. ಪೇಟಿಯನ್ನು ಗವಸು ಹಾಕಿ ಅಟ್ಟದ ಮೇಲಿಟ್ಟೆ.

ಶ್ರಾವಣದಲ್ಲಿ ಕ್ಯಾಸೆಟ್ಟು ಬಂತು. ಸಂಕೇಶ್ವರ, ಮೂಡಲಗಿ, ಅಂಕಲಗಿ, ಎಲ್ಲೆಡೆ ಬಂತು; ಚಹಾದ ಅಂಗಡಿಯಲ್ಲಿ ಹಚ್ಚಿದರು, ಟ್ರ್ಯಾಕ್ಟರುಗಳಲ್ಲಿ ಹಚ್ಚಿದರು. ಶಾಲೆಯ ಮುಂದೆ ಅಂಕಲಗಿಯ ಭಜನೆಯವನೊಬ್ಬ ನನ್ನನ್ನು ತಡೆದು ಎರಡೂ ಕೈ ಹಿಡಿದುಕೊಂಡ. “ಏನ್ ಪೇಟಿ ಬಾರಿಸೀರಿ ಮಾಸ್ತರ! ಈ ಕೈ ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ?” ಅಂದ. ಇಷ್ಟು ವರ್ಷ ಅವನ ಎದುರೇ ಬಾರಿಸಿದ್ದೆ. ಆಗೆಲ್ಲ ಅವನು ಇಂಥ ಮಾತು ಆಡಿರಲಿಲ್ಲ. ನನಗೆ ಅರ್ಥವಾಗದೆ ಅಂಗಡಿಗೆ ಹೋಗಿ ಒಂದು ಕ್ಯಾಸೆಟ್ಟು ಕೊಂಡು ನೋಡಿದೆ. ಹೊದಿಕೆಯ ಕಾಗದವನ್ನು ಅಣ್ಣಾಸಾಹೇಬರು ಮೇ ತಿಂಗಳಲ್ಲೇ ಅಚ್ಚು ಹಾಕಿಸಿಬಿಟ್ಟಿದ್ದರಂತೆ. ಗಾಯನದ ಕೆಳಗೆ ಕಾಶವ್ವನ ಹೆಸರಿತ್ತು, ಪೇಟಿಯ ಕೆಳಗೆ ನನ್ನ ಹೆಸರಿತ್ತು. ಅಶೋಕನ ಹೆಸರು ಜಾಗ ಸಾಲದೆ ಬಿಟ್ಟುಹೋಗಿತ್ತು.

ಆ ಕ್ಯಾಸೆಟ್ಟಿನ ಎರಡೂ ಬದಿಗಳಲ್ಲಿ ಕೇಳುವ ಪೇಟಿ ಕೀಬೋರ್ಡಿನದು.